ಅಡುಗೆಮನೆಗೆ ಇನ್ನೆರಡು ಪ್ಲಗ್ಗು

ಬಾಳವ್ವ ಬ್ಯಾಟರಿಯ ವೈರಿನ ತುದಿ ಸುಲಿದು, ತಾವು ವಾಸವಿದ್ದ ಟ್ರೇಲರಿನ ಅಡುಗೆಮನೆಯ ಗೋಡೆಗೆ ಮೂರನೆಯ ಪ್ಲಗ್ಗು ಕೂರಿಸಿ ಸ್ಕ್ರೂ ಬಿಗಿದಳು. ಕರೆಂಟಿನಿಂದ ನಡೆಯುವ ಯಾವ ಯಂತ್ರವಾದರೂ ತಾನಿರುವ ಮನೆಯನ್ನು ತುಸು ಮೇಲೆತ್ತುವ ಕಾಲವದು. ಎಲ್ಲರೂ ಮನೆಗಳನ್ನು ನೆಲಕ್ಕೆ ಸರಪಳಿಯಿಂದ ಕಟ್ಟಿಕೊಂಡಿದ್ದರು. ಒಂದೇ ಪ್ಲಗ್ಗಿಗೆ ಟ್ರೇಲರು ಮೊಳದೆತ್ತರ ಏಳುತ್ತಿತ್ತು. ಆದರೆ ಸೇತುವೆ ಕೊಚ್ಚಿಹೋಗಿತ್ತು, ಹೊಳೆಯಾಚೆ ಮಧ್ಯಾಹ್ನದೊಳಗೆ ಅಕ್ಕನ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದರು.

ಸರಪಳಿ ಬಿಚ್ಚಿ, ಗ್ರೈಂಡರಿಗೆ ಹೋಳಿಗೆಯ ಹೂರಣ, ಮಿಕ್ಸಿಗೆ ಚಟ್ನಿ ಹಾಕಿ, ಹಿಂದಿನ ಕಿಟಕಿಯಲ್ಲಿ ಫ್ಯಾನಿಟ್ಟು ಮೂರನ್ನೂ ಚಾಲು ಮಾಡಿದಳು. ಟ್ರೇಲರು ತೆಂಗಿನ ಮರದೆತ್ತರಕ್ಕೆ ಎದ್ದು ತೇಲುತ್ತ ಹೊರಟಿತು. ಅತ್ತೆ ಶಾವಂತ್ರೆವ್ವ ಕಿಟಕಿಯಿಂದ ಇಣುಕಿ ಕಿಸಕ್ಕನೆ ನಕ್ಕಳು.

ನಡುಹೊಳೆಯಲ್ಲಿ ಅತ್ತೆಗೆ, ರುಬ್ಬಿದ್ದು ನುಣ್ಣಗಾದೊಡನೆ ನಿಲ್ಲಿಸುವ ನಲವತ್ತು ವರ್ಷದ ರೂಢಿ ನೆನಪಾಯಿತು.

"ಚಟ್ನಿ ನುಣ್ಣಗಾತು," ಎಂದು ಮಿಕ್ಸಿ ಬಂದ್ ಮಾಡಿದಳು.

ಟ್ರೇಲರು ಧೊಪ್ಪನೆ ಇಳಿದು, ಚಕ್ರಕ್ಕೆ ನೀರು ತಾಗಿತು.

"ಅತ್ತೀ, ಹಚ್ರಿ, ಹಚ್ರಿ!"

"ನುಣ್ಣಗಾದದ್ದನ್ನ ಮತ್ತ ಏನ್ ರುಬ್ಬೂದೈತಿ, ಹುಚ್ಚಿ?"

"ಏನರ ಹಾಕ್ರಿ!"

ಶಾವಂತ್ರೆವ್ವ ಉಳ್ಳಾಗಡ್ಡಿ ಹಾಕಿದಳು, ಬೆಲ್ಲ ಹಾಕಿದಳು, ಕೊನೆಗೆ ಪ್ರಾಣಕ್ಕಿಂತ ಹೆಚ್ಚಾದ ಎಲೆ-ಅಡಿಕೆಯನ್ನೂ ಸುರಿದು ಮಿಕ್ಸಿ ಹಚ್ಚಿದಳು. ಟ್ರೇಲರು ಜಿಗಿದೆದ್ದಿತು. ಇಬ್ಬರೂ ನೆಲದ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಕ್ಕನ ಅಂಗಳ ಬಂತು. ಜೋಗುಳ ಅರ್ಧಕ್ಕೇ ನಿಂತಿತ್ತು; ಕೂಸು ಇನ್ನೂ ಅಕ್ಕನ ತೋಳಲ್ಲೇ ಇತ್ತು. ಬಾಯಿ ತೆರೆದು ಮೇಲೆ ನೋಡುತ್ತಿದ್ದ ನೆಂಟರತ್ತ ಬಾಳವ್ವ ಸರಪಳಿ ಇಳಿಬಿಟ್ಟಳು.

"ನಾವೂ ಬಂದೀವಿ! ಯಾರರ ಇದರ ತುದಿ ಹಿಡೀರಿ!"