ಲಗ್ನಪತ್ರಿಕೆ ಕೇಳಿದ ಅನುಮತಿ

‘ಅನುಮತಿಸಿ’ ಎಂಬಲ್ಲಿ ಒತ್ತಲು ಹೋದ ತುಳಸಮ್ಮನವರ ಬೆರಳು ಹಾಗೇ ನಿಂತಿತು. ಊರಿನಿಂದ ತಮ್ಮನ ಮಗ ದ್ಯಾಮಪ್ಪ ತನ್ನ ಮಗಳ ಲಗ್ನಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ಗಂಡ ತೀರಿಕೊಂಡ ಮೇಲೆ ಕಾಶಿಯ ಹನುಮಾನ್ ಘಾಟಿಗೆ ಬಂದು ನೆಲೆಸಿದ ಅವರನ್ನು ಒಂಬತ್ತು ವರ್ಷದಲ್ಲಿ ಯಾರೂ ಮದುವೆಗೆ ಕರೆದಿರಲಿಲ್ಲ. ಆಸೆಯಿಂದ ತೆರೆದರೆ, ಪತ್ರಿಕೆಯ ಬದಲು ಆ್ಯಪ್ ಒಂದು ಇಳಿದು, ಮೆಸೇಜ್ ಓದಲು ಅನುಮತಿ ಕೇಳುತ್ತಿತ್ತು.

“ಒತ್ತರಿ, ಹುಡುಗನ ಫೋಟೊ ನೋಡೋಣು,” ಎಂದಳು ಪಕ್ಕದ ಕೋಣೆಯ ಕಲ್ಪನಾ.

“ತಡಿಯವಾ. ಲಗ್ನಕ್ಕ ಕರಿಯೋರಿಗೆ ನನ್ನ ಮೆಸೇಜ್ ಯಾಕ ಬೇಕು?”

ತುಳಸಮ್ಮ ‘ಬೇಡ’ ಎಂದು ಒತ್ತಿ, ನೆಟ್ ಬಂದ್ ಮಾಡಿ, ಆ ಆ್ಯಪನ್ನು ಹುಡುಕಿ ತೆಗೆದುಹಾಕಿದರು. ಆಮೇಲೆ ದ್ಯಾಮಪ್ಪನಿಗೆ ಫೋನ್ ಹಚ್ಚಿದರು.

“ಎಲ್ಲೀ ಲಗ್ನ ಅತ್ತಿ? ಅಕಿ ಇನ್ನೂ ಕಾಲೇಜಿಗೆ ಹೊಂಟಾಳ,” ಎಂದ ಅವನು. ಅಂಥದೇ ಪತ್ರಿಕೆಯನ್ನು ತಾನೂ ಬೆಳಿಗ್ಗೆ ತೆರೆದು, ಕೇಳಿದ್ದಕ್ಕೆಲ್ಲ ಒಪ್ಪಿದ್ದ.

“ಹಂಗಾರ ನಿನ್ನ ಫೋನ್ ಕಳ್ಳರ ಕೈಯಾಗೈತಿ. ಮೊದಲ ನೆಟ್ ಬಂದ್ ಮಾಡು. ಆ್ಯಪ್ ತಗದುಹಾಕು. ಬ್ಯಾರೆ ಫೋನಿಂದ ಬ್ಯಾಂಕಿಗೆ ಹೇಳು.”

ಅವನು ನೆಟ್ ಬಂದ್ ಮಾಡಿ, ಆ್ಯಪ್ ತೆಗೆದುಹಾಕಿದ. “ನನ್ನ ಹೆಸರಲೆ ಬೀಗರು-ಬಳಗಕ್ಕೆಲ್ಲಾ ಹೋಗೈತಿ ಅತ್ತಿ. ಫೋನ್ ಮಾಡಿ ಕೇಳಿದವರು ನೀವೊಬ್ಬರ.”

“ನೀ ಬ್ಯಾಂಕ್ ನೋಡು. ಅವರಿಗೆ ನಾ ಹೇಳತೇನಿ.”

ತುಳಸಮ್ಮ ಮೊದಲು ನಂಬರ್ ಒತ್ತಿದ್ದು ತಂಗಿಗೆ. ಗಂಡ ಸತ್ತವಳೆಂದು ಅಕ್ಕನನ್ನು ಮಗನ ಮದುವೆಗೆ ಕರೆಯದೆ ಬಿಟ್ಟವಳು ಅವಳು.

“ನಾನವಾ, ತುಳಸಿ. ಆ ಪತ್ರಿಕೆ ತೆರಿಬ್ಯಾಡ,” ಎಂದರು.