ಬಾಗಿಲಿಗಿಂತ ದೊಡ್ಡ ಚಿತ್ರ

“ಪೆನ್ನು ಚೀಲದೊಳಗೆ ಇಡಿ ಮೇಡಂ. ಇಲ್ಲಿ ಪೆನ್ಸಿಲ್ ಮಾತ್ರ.” ವಸ್ತುಸಂಗ್ರಹಾಲಯದ ದಾಖಲೆ ಕೋಣೆ ನೋಡಿಕೊಳ್ಳುವ ಧೂಳಕ್ಕ ಹೀಗೆ ಹೇಳಿ, ಕೈಗವಸು ಹಾಕಿಕೊಂಡು, ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ತಂದಿಟ್ಟಳು. ಆ ಹೆಸರು ಸಹೋದ್ಯೋಗಿಗಳು ಇಟ್ಟದ್ದು, ಅವಳಿಗೇನೂ ಬೇಸರವಿರಲಿಲ್ಲ. ಎದುರಿಗೆ ಕುಳಿತಿದ್ದವಳು ಹಿರಿಯ ಚಿತ್ರಕಾರರೊಬ್ಬರ ಮಗಳು. ಅವಳಿಗೆ ಪೆನ್ನೂ ಬೇಕಿರಲಿಲ್ಲ, ಪೆನ್ಸಿಲೂ ಬೇಕಿರಲಿಲ್ಲ. ಆ ಪೆಟ್ಟಿಗೆಯಲ್ಲಿರುವ ಒಂದು ಕಾಗದ ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ ಬೇಕಿತ್ತು.

“ಈ ಕಾಗದಗಳನ್ನೂ ಪ್ರದರ್ಶನದಲ್ಲಿ ಗಾಜಿನೊಳಗೆ ಇಡ್ತೀರಂತೆ?”

“ಹೌದು. ಆವತ್ತು ನಿಮ್ಮ ತಂದೆ, ಅವರ ಸ್ನೇಹಿತರು ಎಲ್ಲ ಸೇರಿ ಗುಂಪು ಪ್ರದರ್ಶನ ಮಾಡಿದ್ರಲ್ಲ, ಅದನ್ನೇ ಮತ್ತೆ ಮಾಡ್ತಿದ್ದೀವಿ. ಆಗ ನಿಮ್ಮ ತಂದೆಯವರ ಚಿತ್ರ ಮಾತ್ರ ವಾಪಸ್ ಹೋಗಿತ್ತು. ಈ ಸಲ ಅದೂ ಇರತ್ತೆ.”

“ಯಾಕೆ ವಾಪಸ್ ಹೋಯ್ತು ಅಂತ ಬರೆದಿದೆಯಾ?”

“ಬರೆದಿರ್ತಾರೆ. ನಾನಿನ್ನೂ ಅಲ್ಲೀವರೆಗೆ ಬಂದಿಲ್ಲ.”

ಯಾಕೆಂದು ಮಗಳಿಗೆ ಗೊತ್ತಿತ್ತು. ಆ ಚಿತ್ರದಲ್ಲಿ ಮರವಿಲ್ಲ, ಮನುಷ್ಯರಿಲ್ಲ. ಬಣ್ಣದ ಮೇಲೆ ಬಣ್ಣ. ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂಬುದು ಮನೆಯಲ್ಲೇ ಇದ್ದ ಸೋದರತ್ತೆಗಂತೂ ಕೊನೆಗೂ ತಿಳಿಯಲಿಲ್ಲ. ಪ್ರದರ್ಶನಕ್ಕೆ ಕಳುಹಿಸುವ ಹಿಂದಿನ ದಿನ, ಇನ್ನೂ ಶಾಲೆಗೆ ಸೇರದ ಈ ಮಗಳು ನೀಲಿ ಬಣ್ಣದ ಬಟ್ಟಲಿನಲ್ಲಿ ಅಂಗೈ ಅದ್ದಿ ಅದರ ಕೆಳಮೂಲೆಗೆ ಒತ್ತಿಬಿಟ್ಟಿದ್ದಳು. ನೀಲಿ ಕೈಯೊಂದಿಗೆ ಸಿಕ್ಕಿಬಿದ್ದದ್ದೂ ಅತ್ತೆಗೇ. ಮಾರನೆಯ ದಿನ ಚಿತ್ರ ಹೋದ ಗಾಡಿಯಲ್ಲೇ ತಿರುಗಿ ಬಂತು. ಅಪ್ಪ ಒಂದೂ ಮಾತಾಡದೆ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮಾತಾಡುವ ಕೆಲಸವನ್ನು ಅತ್ತೆ ವಹಿಸಿಕೊಂಡಳು: “ಹೆತ್ತ ಅಪ್ಪನ ಹೊಟ್ಟೆ ಮೇಲೇ ಹೊಡೆದಳಲ್ಲ ಇವಳು.” ಅಪ್ಪ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾದರು. ಅದಕ್ಕೂ ತನ್ನ ಕೈಯೇ ಕಾರಣವೆಂದು ಮಗಳು ನಂಬಿಕೊಂಡೇ ಬೆಳೆದಳು, ಮದುವೆಯಾದಳು, ಅಜ್ಜಿಯೂ ಆದಳು.

“ಆ ಕಾಗದ ಸಿಕ್ಕಿದರೆ ಗಾಜಿನೊಳಗೆ ಇಡಬೇಡಿ,” ಎಂದಳು. “ಚಿತ್ರ ಹಾಳುಮಾಡಿದ್ದು ನಾನು. ಅಪ್ಪನೂ ನೋಡೋಕೆ ಬರ್ತಾರೆ. ಅವರ ಎದುರಿಗೆ ಕಂಡವರೆಲ್ಲ ನಿಂತು ಅದನ್ನ ಓದೋದು ಬೇಡ.”

“ಕಾಗದ ಬಚ್ಚಿಡೋ ಅಧಿಕಾರ ನನಗಿಲ್ಲ ಮೇಡಂ. ಮೊದಲು ಓದೋಣ. ಓದದೇನೇ ಹೆದರಿದರೆ ಹೇಗೆ?”

ಪೆಟ್ಟಿಗೆಯಿಂದ ಒಂದೊಂದಾಗಿ ಆಮಂತ್ರಣ ಪತ್ರ ಬಂತು, ಯಾವ ಗೋಡೆಗೆ ಯಾರ ಚಿತ್ರ ಎಂಬ ನಕ್ಷೆ ಬಂತು, ಟೀ ತರಿಸಿದ ರಸೀದಿಯೂ ಬಂತು. ಕೊನೆಗೆ ಪ್ರದರ್ಶನದ ಅಧಿಕಾರಿ ಬರೆದಿಟ್ಟ ಹಾಳೆ. ಧೂಳಕ್ಕ ಕನ್ನಡಕ ಸರಿಮಾಡಿಕೊಂಡು ಓದಿದಳು.

“‘ಚಿತ್ರವು ಮುಖ್ಯ ಬಾಗಿಲಿನಲ್ಲಿ ತೂರಲಿಲ್ಲ. ಚಿತ್ರಕಾರರು ಮುಂಚಿತವಾಗಿ ಕಳುಹಿಸಿದ್ದ ಅಳತೆಯಲ್ಲಿ ಚೌಕಟ್ಟು ಸೇರಿರಲಿಲ್ಲ. ಓರೆಮಾಡಿಯೂ ಅಡ್ಡಹಿಡಿದೂ ಪ್ರಯತ್ನಿಸಲಾಯಿತು. ಚೌಕಟ್ಟು ಬಿಚ್ಚಿಸಲು ಕೋರಿದಾಗ ಚಿತ್ರಕಾರರು, ನಿಮ್ಮ ಬಾಗಿಲು ಬಿಚ್ಚಿಸಿ ಎಂದರು. ಹೊದಿಸಿದ್ದ ಬಟ್ಟೆಯನ್ನು ತೆಗೆಯದೆಯೇ ಚಿತ್ರವನ್ನು ವಾಪಸ್ ಕಳುಹಿಸಲಾಗಿದೆ.’”

“ಮುಂದೆ?”

“ಮುಂದೆ ಸಹಿ.”

“ಕೈ ಗುರುತು ಅಂತ ಏನಾದರೂ?”

“ಬಟ್ಟೆಯನ್ನೇ ತೆಗೆದಿಲ್ಲ ಮೇಡಂ. ಗುರುತು ನೋಡಿದವರು ಯಾರು?”

ಮಗಳು ಇನ್ನೊಮ್ಮೆ ಓದಿಸಿದಳು. ಆಮೇಲೆ ನಗಲು ಶುರುಮಾಡಿದಳು. ನಗುತ್ತಿದ್ದಂತೆಯೇ ಕಣ್ಣೀರು ದಳದಳ ಇಳಿಯಿತು. ಎದೆಯ ಭಾರವೆಲ್ಲ ಇಳಿದು, ಹಗುರಾಗಿ, ಏನು ಮಾಡುವುದೆಂದು ತೋಚದೆ ಮೇಜಿಗೆ ತಲೆಯಾನಿಸಿದಳು. ಧೂಳಕ್ಕ ಮೊದಲು ಕಾಗದವನ್ನು ಆಚೆ ಎಳೆದುಕೊಂಡು, ಅನಂತರ ಕರವಸ್ತ್ರ ಕೊಟ್ಟಳು. ಪಕ್ಕದ ಚೀಟಿಯಲ್ಲಿ ಪೆನ್ಸಿಲಿನಿಂದ ‘ಈ ಸಲ ಚೌಕಟ್ಟು ಸೇರಿಸಿ ಅಳೆಯುವುದು’ ಎಂದು ಬರೆದುಕೊಂಡಳು.

ಹೊರಗೆ ಮೆಟ್ಟಿಲ ಬಳಿ ನಿಂತು ಮಗಳು ಮನೆಗೆ ಫೋನ್ ಮಾಡಿದಳು.

“ಅಪ್ಪಾ, ನಿನ್ನ ಚಿತ್ರ ಬಾಗಿಲಲ್ಲಿ ತೂರಲಿಲ್ಲವಂತೆ?”

“ಯಾರು ಹೇಳಿದ್ದು?”

“ಇಲ್ಲಿ ಬರೆದಿಟ್ಟಿದ್ದಾರೆ. ಮನೇಲಿ ಯಾಕಪ್ಪಾ ಹೇಳಲಿಲ್ಲ?”

“ಬಾಗಿಲು ಅಳೀದೆ ಚೌಕಟ್ಟು ಹಾಕಿದೆ ಅಂತ ಡಂಗುರ ಹೊಡೀಬೇಕಿತ್ತಾ? ನಿಮ್ಮತ್ತೆಗೆ ಗೊತ್ತಾಗಿದ್ದಿದ್ರೆ ಸಾಯೋವರೆಗೂ ಆಡಿಕೊಳ್ತಿದ್ದಳು.”

“ಅವಳು ನನ್ನನ್ನ ಆಡಿಕೊಂಡಳು ಅಪ್ಪಾ.”

“ನಿನ್ನನ್ನ ಯಾಕೆ?”

“ಆ ನೀಲಿ ಕೈಯಿಂದಾನೇ ಚಿತ್ರ ವಾಪಸ್ ಬಂತು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ನೀನು ಅದನ್ನ ಗೋಡೆಗೆ ಮುಖ ಮಾಡಿ ಇಟ್ಟೆಯಲ್ಲ.”

“ಧೂಳು ಕೂರಬಾರದು ಅಂತ ಇಟ್ಟೆ ಪುಟ್ಟೀ.” ಅಪ್ಪನ ದನಿ ಇಳಿಯಿತು. “ಇಷ್ಟು ವರ್ಷ ಅದನ್ನ ಮನಸ್ಸಲ್ಲಿಟ್ಟುಕೊಂಡು ಕೊರಗಿದೆಯಾ? ಒಂದು ಮಾತು ನನ್ನ ಕೇಳಬಾರದಿತ್ತಾ?”

ಮಗಳು ಧೂಳಕ್ಕನ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. “ಹೋಗಲಿ ಬಿಡು. ಇಲ್ಲಿ ಹಳೇ ಚಿತ್ರ ಶುಚಿ ಮಾಡೋರು ಇದ್ದಾರೆ. ಆ ಕೈ ತೆಗೆಸಿಬಿಡಲಾ?”

“ಮುಟ್ಟಿದರೆ ನೋಡು,” ಎಂದರು ಅಪ್ಪ. “ಆ ಚಿತ್ರದಲ್ಲಿ ನೋಡಿದವರಿಗೆಲ್ಲ ಅರ್ಥ ಆಗೋದು ಅದೊಂದೇ.”