ಮಾರಪ್ಪನ ಗೇಜು

ಹನ್ನೊಂದನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಒಗೆಯಲು ಹಾಕುವ ಮೊದಲು ಗಂಡನ ಕಂದು ಕೋಟಿನ ಜೇಬು ತಡಕಿದಾಗ ಪುಷ್ಪಳ ಕೈಗೆ ಆ ಗೇಜು ಸಿಕ್ಕಿತು. ಚಾಕುವಿನಂತೆ ಮಡಚುವ ಹಿಡಿ, ಒಳಗೆ ಕಾಗದದಷ್ಟು ತೆಳ್ಳಗಿನ ಉಕ್ಕಿನ ಎಲೆಗಳು. ಒಂದು ಎಲೆಯ ಬುಡಕ್ಕೆ ಕೆಂಪು ದಾರ ಸುತ್ತಿತ್ತು.

"ಎಂತದೇ ಅದು?" ಎಂದಳು ಅತ್ತೆ ಗುತ್ಯಮ್ಮ, ಒಲೆಯ ಮುಂದಿನಿಂದ.

ಗುತ್ಯಮ್ಮನ ಎರಡೂ ಕಿವಿ ಹೋಗಿ ಆರು ವರ್ಷವಾಗಿತ್ತು. ಪುಷ್ಪ ಹತ್ತಿರ ಹೋಗಿ, ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಹೇಳಿದಳು: "ಮೆಕ್ಯಾನಿಕ್ ಮಾರಪ್ಪಂದು. ಕೊಟ್ಟು ಬರ್ತೀನಿ."

"ಕೊಟ್ಟು ಬಾ. ಹೋದವನ ಹತ್ರ ಇನ್ನೊಬ್ಬರ ವಸ್ತು ಉಳೀಬಾರ್ದು. ಕಾಫಿ ಕುಡ್ದು ಹೋಗು."

ಕುಡಿದಳು. ಬಿಸಿಯಿತ್ತೋ ಆರಿತ್ತೋ ತಿಳಿಯಲಿಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ, ಮೈಸೂರಲ್ಲಿ ಓದಿದವಳಲ್ಲವೇ ಎಂದು ನೆಂಟರ ಹೆಂಗಸರು ಆಡಿಕೊಂಡದ್ದು ಅವಳಿಗೂ ಕೇಳಿಸಿತ್ತು. ಈ ಹನ್ನೊಂದು ದಿನ ಅವಳೊಳಗೆ ಇದ್ದದ್ದು ಒಂದೇ ಪ್ರಶ್ನೆ, ಅದನ್ನು ಯಾರಲ್ಲೂ ಕೇಳಿರಲಿಲ್ಲ: ಆ ದಿನ ಕಾರು ಯಾಕೆ ನಿಂತಿತು?

ತೀರ್ಥಹಳ್ಳಿಯಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ ಮುಗಿಸಿಕೊಂಡು ಗಂಡ ಹೆಂಡತಿ ಬರುತ್ತಿದ್ದರು. ಹೊಸನಗರ ದಾಟಿದ ಮೇಲೆ, ಒಂದು ಏರಿನ ತುದಿಯಲ್ಲಿ, ಇಂಜಿನ್ ಕಟಾರನೆ ಸದ್ದು ಮಾಡಿ ಸತ್ತಿತು. "ನೀನು ಸ್ಟಿಯರಿಂಗ್ ಹಿಡಿ, ಇನ್ನು ನಾಲ್ಕು ಮಾರು ನೂಕಿದ್ರೆ ಇಳಿಜಾರು," ಎಂದು ಗೋಪಾಲಪ್ಪ ಕೋಟು ಬಿಚ್ಚಿ ಸೀಟಿನ ಮೇಲೆಸೆದು ಹಿಂದಕ್ಕೆ ಹೋದ. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಆಮೇಲೆ ಬರೀ ರಸ್ತೆ ಕಾಣಿಸಿತು. ಅವಳು ಬ್ರೇಕು ಎಳೆದಳು. ಚಿಕ್ಕಂದಿನ ಕೀಲುಜ್ವರ ಅವನ ಎದೆಯನ್ನು ಎಂದೋ ಸೋಲಿಸಿತ್ತೆಂದು ಡಾಕ್ಟರು ಹೇಳಿದ್ದು ಎಲ್ಲ ಮುಗಿದ ಮೇಲೆ.

ಲಾರಿಗೆ ಕಟ್ಟಿ ಎಳೆತಂದ ಕಾರು ಸಾಗರದ ಪೇಟೆಯಾಚೆ, ಮಾರಪ್ಪನ ಶೆಡ್ಡಿನಲ್ಲಿತ್ತು. ಅಣೆಕಟ್ಟಿನ ಕೆಲಸ ಮುಗಿಸಿ ಊರಿಗೆ ಮರಳಿದ ಜರ್ಮನ್ ಇಂಜಿನಿಯರೊಬ್ಬ ವಕೀಲ ಗೋಪಾಲಪ್ಪನಿಗೆ ಮಾರಿದ ಹಳೆಯ ಗಾಡಿ. ಇಂಜಿನ್ ಹಿಂಬದಿಗೆ, ನಾಲ್ಕು ಸಿಲಿಂಡರು, ನೀರಿಲ್ಲ, ಗಾಳಿಯಲ್ಲೇ ತಣಿಯಬೇಕು. ಮಾರಪ್ಪ ಅದನ್ನು ಕೆಳಗಿಳಿಸಿ ಗೋಣಿಯ ಮೇಲೆ ಬಿಚ್ಚಿಟ್ಟಿದ್ದ.

"ನೀವ್ಯಾಕೆ ಬಂದ್ರಿ ಅಮ್ಮಾ! ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ದೆ." ಅವನು ಸ್ಟೂಲನ್ನು ತೋಳಿನಿಂದ ಒರೆಸಿದ. ಅವಳು ಕೂರಲಿಲ್ಲ.

"ಯಾಕೆ ನಿಂತಿತು?"

ಮಾರಪ್ಪ ಗೋಣಿಯ ಮೇಲಿಂದ ಮೊಂಡು ಕಡ್ಡಿಯೊಂದನ್ನು ಎತ್ತಿದ. "ಮೂರನೇ ಸಿಲಿಂಡರಿನ ವಾಲ್ವು. ತಲೆನೇ ಇಲ್ಲ ನೋಡಿ. ಸುಟ್ಟು, ಮುರ್ದು, ಒಳಗೆ ಬಿದ್ದದೆ. ಈ ಇಂಜಿನ್ನಲ್ಲಿ ಮೂರನೇದು ಕಾಯೋದು ಜಾಸ್ತಿ. ಕಾದಾಗ ವಾಲ್ವು ಉದ್ದ ಆಗ್ತದೆ, ಅದಕ್ಕೇ ಅಂತ ಎಡೆ ಬಿಟ್ಟಿರ್ಬೇಕು. ಎಡೆ ಬಿಟ್ರೆ ಟಕಟಕ ಅಂತದೆ. ಅನ್ಲಿ ಬಿಡಿ, ಸದ್ದು ಮಾಡೋ ವಾಲ್ವು ಗಟ್ಟಿ. ಬಿಗಿ ಮಾಡಿದ್ರೆ ಸದ್ದಿಲ್ಲ, ಒಳಗೊಳಗೇ ಸುಡ್ತದೆ. ಹೊರಗಿನವ್ರಿಗೆ ಗೊತ್ತೇ ಆಗಲ್ಲ."

ಪುಷ್ಪ ಚೀಲದಿಂದ ಗೇಜು ತೆಗೆದು ಎಲೆಗಳನ್ನು ಬಿಡಿಸಿದಳು. ಕೆಂಪು ದಾರದ ಎಲೆಯ ಮೇಲೆ ಗ್ರೀಸು ಹಚ್ಚಿದ್ದು ಹಚ್ಚಿದ ಹಾಗೇ ಇತ್ತು. ಅದರ ಪಕ್ಕದ, ಅದಕ್ಕಿಂತ ತೆಳ್ಳಗಿನ ಎಲೆ ಮಾತ್ರ ಒರೆಸಿ ಹೊಳೆಯುತ್ತಿತ್ತು.

"ಆ ದಾರ ಕಟ್ಟಿದೋನು ನಾನೇ," ಎಂದ ಮಾರಪ್ಪ. "'ಎಡೆ ಅಳೆಯೋಕೆ ಇದು ಬಿಟ್ಟು ಬೇರೇದು ಮುಟ್ಬೇಡಿ ವಕೀಲ್ರೇ' ಅಂದಿದ್ದೆ. ಕೇಳ್ಬೇಕಲ್ಲ."

ಕೋರ್ಟಿನ ಗುಮಾಸ್ತರು 'ವಕೀಲರ ಹೊಲಿಗೆ ಮಿಷನ್ ಬಂತು' ಎಂದು ನಗುತ್ತಿದ್ದರು. ಅದು ಸಾಲದೆಂಬಂತೆ ಮದುವೆಯ ಮನೆ ಬೇರೆ. "ಈ ಟಕಟಕ ನಿಲ್ಲಿಸಿ. ಇಲ್ಲಾಂದ್ರೆ ನಾನು ಬಸ್ಸಲ್ಲಿ ಬರ್ತೀನಿ," ಎಂದಿದ್ದಳು ಪುಷ್ಪ. ಹೊರಡುವ ಹಿಂದಿನ ದಿನ, ಇಂಜಿನ್ ಇನ್ನೂ ತಣ್ಣಗಿರುವ ಬೆಳಗಿನ ಜಾವ, ಅವನು ಅಂಗಾತ ಮಲಗಿ ತಿರುಪು ಬಿಗಿದಿದ್ದ. ಟಾರ್ಚು ಹಿಡಿದವಳು ಅವಳೇ. ಆಮೇಲೆ ಗಾಡಿ ಚಾಲು ಮಾಡಿ, "ಏನಾದ್ರೂ ಕೇಳಿಸ್ತಾ?" ಎಂದಿದ್ದ. "ಏನೂ ಇಲ್ಲ." "ಅದೇ ಮಹಾರಾಯ್ತಿ, ಆ ಏನೂ ಇಲ್ಲಕ್ಕೇ ಇಷ್ಟು ಒದ್ದಾಡಿದ್ದು!" ಇಬ್ಬರೂ ನಕ್ಕಿದ್ದರು.

"ಬಿಗಿ ಯಾಕೆ ಮಾಡ್ತೀನಿ ಅಂದ್ರು?" ಎಂದು ಕೇಳಿದಳು.

ಮಾರಪ್ಪ ತಲೆ ತಗ್ಗಿಸಿದ. "'ಅವ್ವಂಗೆ ಆ ಸದ್ದು ಆಗಲ್ಲ ಮಾರಪ್ಪ. ತೀರ್ಥಳ್ಳಿಗೆ ಹೋಗಿ ಬರೋತಂಕ ಅಷ್ಟೆ, ಬಂದು ಸಡ್ಲ ಮಾಡ್ತೀನಿ' ಅಂದ್ರು. ನಾನು ಅವ್ವನ್ನ ಕಂಡೋನಲ್ಲ. ತಾಯಿ ಮಾತು, ನಾನೆಂತ ಹೇಳ್ಲಿ? ಸುಮ್ನಾದೆ." ದನಿ ಇಳಿಸಿದ. "ಅಮ್ಮಾ, ಕೈ ಮುಗಿತೀನಿ, ಇದನ್ನ ಅವ್ವಂಗೆ ಮಾತ್ರ ಹೇಳ್ಬೇಡಿ. ತನ್ನಿಂದಾಗಿ ಮಗ ಹೋದ ಅಂತ ಗೊತ್ತಾದ್ರೆ ಆ ಜೀವ ಉಳಿಯಲ್ಲ."

ಪುಷ್ಪ ಎಲೆಗಳನ್ನು ಒಂದೊಂದಾಗಿ ಮಡಚಿದಳು. ಕೊನೆಗೆ ಕೆಂಪು ದಾರದ್ದು. ಗೇಜನ್ನು ಅವನ ಎಣ್ಣೆಗೈಯಲ್ಲಿಟ್ಟಳು.

"ನಮ್ಮತ್ತೆಗೆ ಕಿವಿ ಕೇಳಿಸೋದಿಲ್ಲ, ಮಾರಪ್ಪ. ಆರು ವರ್ಷ ಆಯ್ತು."